ಒಂದು ಅಬ್ಬಾದ ಹತ್ತನೆಯ ಪಾಲು

ಸಭೆಯ ಹೊತ್ತು: ಸಂತೆ ತುಂಬುವ ಹೊತ್ತು, ನಡುಹಗಲಿಗೆ ಮುಂಚೆ. ಹವೆ: ಬಡಗಣ ಗಾಳಿ, ಮೋಡವಿಲ್ಲ, ಸಮುದ್ರ ಅಲ್ಲಲ್ಲಿ ನೊರೆಬಿಳುಪು. ಹಾಜರಿದ್ದವರು: ಊರಿನ ನಾನೂರ ಒಂಬತ್ತು ಮಂದಿ, ಕೂಸುಗಳೂ ಸೇರಿ. ಅವರಲ್ಲಿ ಒಬ್ಬಳು ಬಂದರಿನ ದೇವಿಯ ಪೂಜಾರಿಣಿ ನಿಕಿಪ್ಪೆ. ಒಬ್ಬ ಅವಳ ತಮ್ಮ, ಕಲ್ಲುಗಳ ಪರೀಕ್ಷಕ ಯೂಥಿಕ್ಲಿಸ್. ಇವರಲ್ಲದೆ ಒಂದು ಅಮೃತಶಿಲೆಯ ಬೆಟ್ಟ. ಬೆಟ್ಟವನ್ನು ಯಾರೂ ಕರೆದಿರಲಿಲ್ಲ. ಅದು ಎಲ್ಲಿಗೂ ಹೋಗುತ್ತಿರಲಿಲ್ಲವಾದ್ದರಿಂದ ಎಲ್ಲ ಸಭೆಗಳಿಗೂ ಹಾಜರಿರುತ್ತಿತ್ತು.

ನೆಟ್ಟಗೆ ಕುಳಿತುಕೊಳ್ಳಿ. ಬೆಂಕಿಗೆ ಬೆನ್ನು ಮಾಡಬೇಡಿ. ಕತೆಯ ನಡುವೆ ಪ್ರಶ್ನೆ ಇಲ್ಲ.

ಒಂದಾನೊಂದು ಊರಿನಲ್ಲಿ, ಅಂದರೆ ಎರಡನೆಯ ಊರು ಇನ್ನೂ ಹುಟ್ಟಿರದ ಕಾಲದ ಒಂದನೆಯ ಊರಿನಲ್ಲಿ, ಗ್ರೀಕರು ವಾಸವಾಗಿದ್ದರು. ಊರಿನ ಹೆಸರು ಅನೆಮೂಸ. ಎರಡನೆಯ ಊರೇ ಇಲ್ಲದ ಮೇಲೆ ಶತ್ರುಗಳು ಎಲ್ಲಿಂದ ಬಂದರು ಎಂದು ನೀವು ಯೋಚಿಸುತ್ತಿದ್ದೀರಿ. ಶತ್ರುಗಳಿಗೆ ಊರು ಬೇಕಿಲ್ಲ, ಹಡಗು ಸಾಕು. ಐವತ್ತು ಹಡಗು ಬಂದವು.

ಊರವರು ಬಂದರಿನ ದೇವಿಗೆ ಹರಕೆ ಹೊತ್ತರು. "ತಾಯೀ, ನಮ್ಮನ್ನು ಉಳಿಸು. ನಿನಗೆ ಕಲ್ಲಿನ ಮನೆ ಕಟ್ಟಿಸುತ್ತೇವೆ." ಹಡಗುಗಳು ಬಂದರಿನ ಬಾಯಿಗೆ ಬಂದವು. ಆಗ ಸೂರ್ಯ ಹುಟ್ಟಿದನು. ಬೆಟ್ಟದ ಮೇಲೆ ಬೆಳಕು ಬಿತ್ತು. ಬೆಟ್ಟ ಮೊದಲು ಹಾಲಿನ ಬಣ್ಣಕ್ಕೆ ತಿರುಗಿತು, ಆಮೇಲೆ ಜೇನಿನ ಬಣ್ಣಕ್ಕೆ. ಶತ್ರುಗಳ ದಳಪತಿ ಅದನ್ನು ನೋಡಿದನು. "ಅಬ್ಬಾ" ಎಂದನು. ಹುಟ್ಟು ಹಾಕುತ್ತಿದ್ದವರೆಲ್ಲ ಅದು ಯಾಕೆಂದು ತಿರುಗಿ ನೋಡಿ ಹುಟ್ಟನ್ನು ಮರೆತರು. ಗಾಳಿ ಐವತ್ತು ಹಡಗುಗಳನ್ನೂ ಮೆಲ್ಲಗೆ ತಿರುಗಿಸಿ ಮನೆಗೆ ಕಳುಹಿಸಿತು.

ಊರು ಉಳಿಯಿತು. ತೊಡಕು ಹುಟ್ಟಿದ್ದು ಆಮೇಲೆ.

ಗ್ರೀಕರಲ್ಲಿ ಒಂದು ಪದ್ಧತಿ. ಯುದ್ಧದಲ್ಲಿ ಗೆದ್ದದ್ದರಲ್ಲಿ ಹತ್ತನೆಯ ಪಾಲು ದೇವರದು. ಆ ಪಾಲಿನಿಂದಲೇ ಗುಡಿ ಏಳಬೇಕು. ಆದರೆ ಶತ್ರುಗಳು ಏನನ್ನೂ ಬಿಟ್ಟುಹೋಗಿರಲಿಲ್ಲ. ಗುರಾಣಿ ಇಲ್ಲ, ಈಟಿ ಇಲ್ಲ, ಒಂಟಿ ಚಪ್ಪಲಿಯೂ ಇಲ್ಲ. ಊರವರು ತೀರವನ್ನೆಲ್ಲ ಹುಡುಕಿದರು. ಸಿಕ್ಕಿದ್ದು ಒಂದೇ ವಸ್ತು: ದಳಪತಿಯ ಬಾಯಿಂದ ಬಿದ್ದ ಅಬ್ಬಾ. ಅದು ಮರಳಿನ ಮೇಲೆ ಬಿದ್ದಿತ್ತು. ಮೇಕೆಮರಿಯ ಗಾತ್ರ. ತಿಳಿನೀಲಿ ಬಣ್ಣ. ಮುಟ್ಟಿದರೆ ಬೆಚ್ಚಗಿತ್ತು.

ಅದನ್ನು ಸಭೆಗೆ ಹೊತ್ತು ತಂದರು.

"ಪರೀಕ್ಷೆಯಾಗಬೇಕು," ಎಂದನು ಯೂಥಿಕ್ಲಿಸ್.

ಈ ಯೂಥಿಕ್ಲಿಸನಿಗೆ ಅರವತ್ತೆಂಟು ವರ್ಷ. ಅವನ ಕೈಯಲ್ಲಿ ಸದಾ ಒಂದು ಹಲಗೆ. ಹಲಗೆಯ ಅಡಿಗೆ ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಬಳಿದಿರುತ್ತಿದ್ದನು. ಕಲ್ಲಿನ ಮೇಲೆ ಹಲಗೆಯನ್ನು ಎಳೆಯುವನು. ಕೆಂಪು ಎಲ್ಲಿ ಹತ್ತಿತೋ ಅಲ್ಲಿ ಉಬ್ಬು. ಉಬ್ಬಿದ್ದರೆ "ತಿರಸ್ಕೃತ" ಎನ್ನುವನು. ಕಲ್ಲುಕುಟಿಗನು ಉಬ್ಬನ್ನು ಕೆತ್ತುವನು. ಮತ್ತೆ ಹಲಗೆ, ಮತ್ತೆ ಕೆಂಪು, ಮತ್ತೆ ಉಳಿ. ಕೂಡಿಸಿದ ಎರಡು ಕಲ್ಲುಗಳ ನಡುವೆ ಕೂದಲು ತೂರದಂತಾದ ಮೇಲೆಯೇ "ಅಂಗೀಕೃತ". ಕಲ್ಲು ಸಿಗದ ದಿನ ಅವನು ರೊಟ್ಟಿಯನ್ನು ಪರೀಕ್ಷಿಸುತ್ತಿದ್ದನು. ಒಮ್ಮೆ ಸಮುದ್ರವನ್ನೇ ಪರೀಕ್ಷಿಸಿ ತಿರಸ್ಕರಿಸಿದನು. ಸಮುದ್ರ ನಾಚಿ ಮೂರು ದಿನ ಅಲೆ ಎಬ್ಬಿಸಲಿಲ್ಲ.

ಅವನು ಅಬ್ಬಾದ ಮೇಲೆ ಹಲಗೆ ಎಳೆದನು. ಅದು ತುದಿಯಿಂದ ತುದಿಗೆ ಕೆಂಪಾಯಿತು.

"ಪೂರ್ತಿ ಉಬ್ಬು. ತಿರಸ್ಕೃತ."

"ತಮ್ಮಾ, ಅದು ದೇವಿಯ ಸೊತ್ತು. ಹಲಗೆ ತೆಗಿ," ಎಂದಳು ನಿಕಿಪ್ಪೆ.

ಮೀನು ಕೊಯ್ಯುವ ಕತ್ತಿಯಿಂದ ಅಬ್ಬಾವನ್ನು ಹತ್ತು ಪಾಲು ಮಾಡಿದರು. ಒಂದು ಪಾಲು ಮುಷ್ಟಿಯಷ್ಟಾಯಿತು. ಮುಷ್ಟಿಯಷ್ಟು ಅಬ್ಬಾದಿಂದ ಗುಡಿ ಕಟ್ಟುವುದು ಹೇಗೆ?

ಆಗ ಬೆಟ್ಟ ಮಾತನಾಡಿತು.

"ಅದನ್ನು ಇತ್ತ ಕೊಡಿ," ಎಂದಿತು.

ನಾನೂರ ಎಂಟು ಮಂದಿ ನಡುಗಿದರು. ನೆಲದ ಮೇಲೆ ಏನೇನೋ ಟಪಟಪ ಬಿದ್ದವು. ಯೂಥಿಕ್ಲಿಸ್ ನಡುಗಲಿಲ್ಲ. "ಬೆಟ್ಟ ಮಾತನಾಡಿತು. ಬರೆದುಕೊಳ್ಳಿ," ಎಂದನು.

"ಈಗ ಬಿದ್ದವು ಗಾಬರಿಗಳು," ಎಂದಿತು ಬೆಟ್ಟ. "ಗಾಬರಿ ನನ್ನಲ್ಲಿ ನಡೆಯುವುದಿಲ್ಲ. ಬಾಚಿಕೊಂಡು ಹೋಗಿ. ಇಷ್ಟು ಕಾಲ ನೀವು ನನ್ನ ಮೈಮೇಲೆ ಮೇಕೆ ಮೇಯಿಸಿದಿರಿ, ಬಟ್ಟೆ ಒಣಗಿಸಿದಿರಿ. ಒಬ್ಬರಾದರೂ ನನ್ನನ್ನು ನೋಡಿದಿರೇನಯ್ಯ? ಒಬ್ಬ ಪರದೇಶಿ ನೋಡಿದ. ಆ ಅಬ್ಬಾದ ರುಚಿ ನನಗೆ ಹತ್ತಿದೆ. ಈ ಪಾಲು ಮುಂಗಡ, ಲೆಕ್ಕಕ್ಕಿಲ್ಲ. ಒಬ್ಬೊಬ್ಬರೂ ನಿಮ್ಮ ನಿಮ್ಮ ಅಬ್ಬಾದ ಹತ್ತನೆಯ ಪಾಲು ತಂದುಕೊಡಿ. ಪಾಲಿಗೊಂದು ಕಲ್ಲು. ಪಾಲು ದೊಡ್ಡದಾದಷ್ಟೂ ಕಲ್ಲು ದೊಡ್ಡದು. ಒಬ್ಬರ ಪಾಲನ್ನು ಇನ್ನೊಬ್ಬರು ಕೊಡುವಂತಿಲ್ಲ. ಕಲ್ಲನ್ನು ನಾನೇ ಕೆಳಗೆ ಕಳುಹಿಸುತ್ತೇನೆ."

ಸಭೆಯಲ್ಲಿದ್ದ ಶಿಲ್ಪಿ ಮಿಕಿಯೋನನನ್ನು ಮುಂದೆ ಕರೆದರು. ಅವನು ಸಣ್ಣ ಆಳು, ಸಣ್ಣ ದನಿ. ಅವನ ದಿನಗೂಲಿ ಕಲ್ಲುಕುಟಿಗರ ದಿನಗೂಲಿಯಷ್ಟೇ. ಅದೂ ಅಲ್ಲಿಯ ಪದ್ಧತಿ. ಅವನು ಮರಳಿನಲ್ಲಿ ಗೀಚಿ ನೋಡಿ ಹೇಳಿದನು: "ನಾನೂರ ಒಂಬತ್ತು ಕಲ್ಲು ಬೇಕು."

ಕರಾರನ್ನು ಶಿಲೆಯ ಮೇಲೆ ಕೆತ್ತಿಸಿದರು. ಮುಂದಿನ ವರ್ಷದ ದೇವಿಯ ಹಬ್ಬದ ದಿನ ಸಂತೆ ತುಂಬುವ ಹೊತ್ತಿಗೆ ಗುಡಿ ಮುಗಿದಿರಬೇಕು. ಕೊನೆಯ ತೀರ್ಪು ಪರೀಕ್ಷಕನದು. ಕರಾರಿಗೆ ಒಬ್ಬ ಜಾಮೀನು ಬೇಕು. ಒಂದು ಕಲ್ಲು ಕಡಿಮೆಯಾದರೂ ಜಾಮೀನುದಾರ ಆ ಕಲ್ಲಿನ ಜಾಗದಲ್ಲಿ ತಾನೇ ನಿಲ್ಲಬೇಕು, ಎಂದೆಂದಿಗೂ.

ಯಾರೂ ಮುಂದೆ ಬರಲಿಲ್ಲ. ಯೂಥಿಕ್ಲಿಸ್ ಬಂದನು.

"ನಾನೂರ ಒಂಬತ್ತು ಕಲ್ಲು. ನಾನೂರ ಒಂಬತ್ತು ಮಂದಿ. ಸರಿಹೋಯಿತು. ಜಾಮೀನು ನಾನು," ಎಂದನು.

ಎಣಿಸುವಾಗ ಅವನು ತನ್ನನ್ನೂ ಎಣಿಸಿದ್ದನು. ಆದರೆ ಎಣಿಸಿದವನೂ ಪಾಲು ಕೊಡಬೇಕಾಗುತ್ತದೆ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಅಂದಿನಿಂದ ಊರು ಅಬ್ಬಾ ಹುಡುಕತೊಡಗಿತು. ಬೆಸ್ತನೊಬ್ಬ ದಿನವೂ ಹಿಡಿದು ಮಾರುತ್ತಿದ್ದ ಎಂಟು ತೋಳಿನ ಅಷ್ಟಪದಿಯನ್ನು ಮೊದಲ ಸಲ ನೋಡಿದನು. ಅದು ಬಂಡೆಯ ಮೇಲೆ ಬಂಡೆಯ ಬಣ್ಣವಾಯಿತು, ಪಾಚಿಯ ಮೇಲೆ ಪಾಚಿಯ ಬಣ್ಣವಾಯಿತು, ಅವನ ಕೈಮೇಲೆ ಅವನ ಬಣ್ಣವಾಯಿತು. ಬೆಸ್ತ ಒಂದು ಕಲ್ಲಿನ ತೊಲೆ ಗಳಿಸಿದನು. ರೊಟ್ಟಿ ಸುಡುವವಳು ಹಿಟ್ಟು ತಾನಾಗಿ ಉಬ್ಬುವುದನ್ನು ಮೊಣಕಾಲೂರಿ ನೋಡಿದಳು. ಒಂದು ಮೆಟ್ಟಿಲು ಗಳಿಸಿದಳು. ನಲವತ್ತು ದಿನದ ಕೂಸೊಂದು ತನ್ನ ಕಾಲಿನ ಹೆಬ್ಬೆರಳನ್ನು ಕಂಡಿತು. ಅದರ ಪಾಲಿಗೆ ಇಡೀ ಒಂದು ಕಂಬ ಬಂತು. ಕೂಸುಗಳು ಊರಿನ ಶ್ರೀಮಂತರಾದವು. ದಾರಿಯಲ್ಲಿ ಅವುಗಳ ತೊಟ್ಟಿಲು ಕಂಡರೆ ಹಿರಿಯರು ಎದ್ದು ನಿಂತರು.

ಎಣ್ಣೆ ವ್ಯಾಪಾರಿಯೊಬ್ಬನಿದ್ದನು. ಅವನಿಗೆ ಎಷ್ಟು ತಿಣುಕಿದರೂ ಒಂದು ಹಂಚಿನಷ್ಟು ಅಬ್ಬಾವೂ ಹುಟ್ಟಲಿಲ್ಲ. ಅವನು ನೆರೆಮನೆಯ ಕೂಸನ್ನು ಬಾಡಿಗೆಗೆ ತಂದು ಬೆಟ್ಟದ ಮುಂದೆ ನಿಂತನು.

"ಇದು ಕೂಸಿನದು," ಎಂದಿತು ಬೆಟ್ಟ.

"ಕೂಸು ನನ್ನ ತೋಳಿನಲ್ಲಿದೆಯಲ್ಲ?"

"ಕಣ್ಣು ಅದರ ತಲೆಯಲ್ಲಿದೆಯಲ್ಲ?"

ವ್ಯಾಪಾರಿ ಮನೆಗೆ ಬಂದು ಹೆಂಡತಿಗೆ ಹೇಳಿದನು. ಅವಳು ನಗತೊಡಗಿದಳು. ಇಪ್ಪತ್ತು ವರ್ಷದಿಂದ ಅವಳು ನಕ್ಕದ್ದನ್ನು ಅವನು ನೋಡಿರಲಿಲ್ಲ. ಬಾಯಿ ತೆರೆದು ನೋಡುತ್ತಾ ನಿಂತನು. ಅದೇ ಸಾಕಾಯಿತು. ಮರುದಿನ ಬೆಟ್ಟದಿಂದ ಅವನ ಹೆಸರಿಗೆ ಬಾಗಿಲಿನ ಮೇಲ್ಪಟ್ಟಿ ಇಳಿಯಿತು.

ಸುದ್ದಿ ಒಳನಾಡಿನ ರಾಜ ಕೊರ್ದಿಯಸನಿಗೆ ಮುಟ್ಟಿತು. ರಾಜನಿಗೂ ಊರು ಬೇಕಿಲ್ಲ, ಮೀಸೆ ಸಾಕು. ಈ ರಾಜನಿಗೆ ಲೋಕದಲ್ಲಿ ಒಂದೇ ಚಿಂತೆ, ತನ್ನ ಮೀಸೆಯ ಎಡತುದಿ. ಅವನು ನಲವತ್ತು ಬಂಡಿ ಬಂಗಾರದೊಂದಿಗೆ ಬಂದನು.

"ಗುಡಿಯ ಖರ್ಚೆಲ್ಲ ನನ್ನದು. ಕಂಬಕಂಬದ ಮೇಲೂ ನನ್ನ ಹೆಸರು ಕೆತ್ತಿಸಿ," ಎಂದನು.

"ಬಂಗಾರ ನನ್ನ ಹೊಟ್ಟೆಯಲ್ಲೂ ಇದೆ," ಎಂದಿತು ಬೆಟ್ಟ. "ಅದರಿಂದಲೇ ನನಗೆ ಹೊಟ್ಟೆನೋವು. ಅಬ್ಬಾ ಇದ್ದರೆ ಕೊಡು."

ರಾಜ ಬೆಟ್ಟದ ಕಡೆಗೆ ಕೈಯೆತ್ತಿ ಎಮ್ಮೆಗಾತ್ರದ ಅಬ್ಬಾ ಒಂದನ್ನು ಹೊರಡಿಸಿದನು. ಬೆಟ್ಟ ಅದನ್ನು ಮೂಸಿ ನೋಡಿತು.

"ಖೋಟಾ. ನೀನು ನೋಡಿದ್ದು ನನ್ನನ್ನಲ್ಲ. ಎದುರಿಗಿದ್ದ ಸೇವಕನ ಹೊಳೆಯುವ ಗುರಾಣಿಯನ್ನು. ಗುರಾಣಿಯಲ್ಲಿ ನಿನ್ನ ಮೀಸೆಯನ್ನು."

ಯೂಥಿಕ್ಲಿಸ್ ಮುಂದೆ ಬಂದು ಮೀಸೆಯ ಮೇಲೆ ಹಲಗೆ ಎಳೆದನು. ಎಡತುದಿ ಕೆಂಪಾಯಿತು. "ಎಡಗಡೆ ಎತ್ತರ. ತಿರಸ್ಕೃತ," ಎಂದನು. ರಾಜ ಬಂಡಿಗಳನ್ನು ತಿರುಗಿಸಿಕೊಂಡು ಹೋದನು. ಒಳನಾಡಿನವರೆಲ್ಲ ರಾಜನ ಕೆಂಪು ತುದಿಯನ್ನು ಕಂಡು ತಮ್ಮ ಮೀಸೆಗೂ ಕೆಮ್ಮಣ್ಣು ಹಚ್ಚಿಕೊಂಡರು. ಮೀಸೆಯಿಲ್ಲದವರು ಮೇಕೆಗಳಿಗೆ ಹಚ್ಚಿದರು. ಆ ಸಂಗತಿ ಅಲ್ಲಿಗೆ ನಿಂತಿತು.

ಗುಡಿ ಏಳುತ್ತಾ ಬಂತು. ಕಲ್ಲುಗಳು ಬೆಟ್ಟದಿಂದ ತಾವಾಗಿ ಸಾಲುಗಟ್ಟಿ ಇಳಿದವು. ಕಲ್ಲಿನ ಮೈಯಲ್ಲಿ ಆಯಾ ಅಬ್ಬಾದ ಬಿಸಿ ಇನ್ನೂ ಇರುತ್ತಿತ್ತು. ಯೂಥಿಕ್ಲಿಸ್ ಒಂದೊಂದನ್ನೂ ತಡೆದು ಹಲಗೆ ಎಳೆದನು. ಒಂದೊಂದನ್ನೂ ಮೂರು ಸಲ ತಿರಸ್ಕರಿಸಿ ನಾಲ್ಕನೆಯ ಸಲ ಅಂಗೀಕರಿಸಿದನು. ನೆಲಗಟ್ಟು ಬಂತು. ಕಂಬಗಳು ಬಂದವು. ತೊಲೆಗಳು ಏರಿದವು, ಹಂಚು ಕುಳಿತವು. ಊರವರು ಸಂಜೆ ಸಂಜೆ ಬಂದು, ಮಾತಿಲ್ಲದೆ ನೋಡಿ, ಮಾತಿಲ್ಲದೆ ಮನೆಗೆ ಹೋಗುತ್ತಿದ್ದರು. ಬೈದಾಡುವ ಅತ್ತೆಸೊಸೆಯರೂ ಆ ದಾರಿಯಲ್ಲಿ ಬೈಗುಳವನ್ನು ಮಡಚಿ ಸೆರಗಿನಲ್ಲಿಟ್ಟುಕೊಳ್ಳುತ್ತಿದ್ದರು.

ಹಬ್ಬಕ್ಕೆ ಮೂರು ದಿನ ಉಳಿಯಿತು. ನಾನೂರ ಎಂಟು ಕಲ್ಲು ಬಂದಿದ್ದವು. ಈಶಾನ್ಯ ಮೂಲೆಯ ಕಂಬ ಬಂದಿರಲಿಲ್ಲ. ಆ ಮೂಲೆಯ ಹಂಚಿನ ಮಾಡನ್ನು ಕೆಳಗೆ ಆನಿಸಿದ ಮರದ ಊರೆಗಳು ಹೊತ್ತಿದ್ದವು.

"ಇನ್ನೊಂದು ಕಲ್ಲು," ಎಂದನು ಯೂಥಿಕ್ಲಿಸ್ ಬೆಟ್ಟಕ್ಕೆ.

"ಇನ್ನೊಂದು ಪಾಲು," ಎಂದಿತು ಬೆಟ್ಟ. "ನಿನ್ನದು."

ಯೂಥಿಕ್ಲಿಸ್ ನಿಂತಲ್ಲೇ ತನ್ನ ಆಯುಷ್ಯವನ್ನು ಹಿಂದಕ್ಕೆ ಹುಡುಕುತ್ತಾ ಹೋದನು. ಮದುವೆಯ ದಿನ: ಮಂಟಪ ಓರೆಯಾಗಿತ್ತು. ಮೊದಲ ಸಲ ಸಮುದ್ರ ಕಂಡ ದಿನ: ಅಂಚು ಸರಿಯಿರಲಿಲ್ಲ. ಗ್ರಹಣದ ದಿನ: ತಡವಾಗಿ ಹಿಡಿಯಿತು. ಅರವತ್ತೆಂಟು ವರ್ಷ. ಅಬ್ಬಾ ಒಂದೂ ಇಲ್ಲ.

ಅವನು ಮನೆಗೆ ಬಂದು, ತಲೆಯ ಮೇಲೆ ನೀರಿನ ಕೊಡವಿಟ್ಟು, ಅಂಗಳದಲ್ಲಿ ಕಂಬವಾಗಿ ನಿಲ್ಲುವುದನ್ನು ಅಭ್ಯಾಸ ಮಾಡತೊಡಗಿದನು. ನಿಕಿಪ್ಪೆ ಬಂದಳು.

"ಏನೋ ಇದು?"

"ಕಂಬ."

"ಕಂಬ ಮಾತಾಡುವುದಿಲ್ಲ."

"ನೀನು ಕೇಳಿದೆ, ನಾನು ಉತ್ತರ ಕೊಟ್ಟೆ. ಅಕ್ಕಾ, ಹಲಗೆ ತಂದು ನನ್ನ ಭುಜದ ಮೇಲೆ ಎಳೆ."

ಅವಳು ಎಳೆದಳು. ಬಲಭುಜ ಕೆಂಪಾಯಿತು, ಎಡಭುಜ ಆಗಲಿಲ್ಲ. ಅರವತ್ತು ವರ್ಷ ಬಲಗೈಯಲ್ಲಿ ಹಲಗೆ ಹಿಡಿದ ಭುಜ ಅದು. ಅರ್ಧ ಬೆರಳು ಎತ್ತರವಾಗಿತ್ತು.

ಯೂಥಿಕ್ಲಿಸ್ ಕೊಡವನ್ನು ಇಳಿಸಿದನು.

"ತಿರಸ್ಕೃತ," ಎಂದನು. "ನಾನು ನಿಂತರೂ ಮಾಡು ಓರೆಯಾಗುತ್ತದೆ. ಓರೆಯಾದರೆ ಬೀಳುತ್ತದೆ. ಹಬ್ಬದ ದಿನ ಆ ಮೂಲೆಯ ಅಡಿಯಲ್ಲಿ ಯಾರು ನಿಲ್ಲುತ್ತಾರೆ?"

"ಪೂಜಾರಿಣಿ," ಎಂದಳು ನಿಕಿಪ್ಪೆ. ಕೊಡವನ್ನು ಪಕ್ಕಕ್ಕಿಟ್ಟು ಹೇಳಿದಳು: "ಚಿಕ್ಕಂದಿನಲ್ಲಿ ನಿನ್ನನ್ನು ಎತ್ತಿಕೊಂಡು ನಾನು ಚಂದ್ರನನ್ನು ತೋರಿಸಿದ್ದೆ. ನೀನು ಏನಂದೆ, ನೆನಪಿದೆಯೇ?"

"ಒಂದು ಕಡೆ ಸವೆದಿದೆ ಎಂದೆ. ಸವೆದಿತ್ತು."

ಅವಳು ಸೋಲಲಿಲ್ಲ. ಮೊದಲ ದಿನ ಬೆಸ್ತನ ಅಷ್ಟಪದಿಯನ್ನು ತರಿಸಿದಳು. ಯೂಥಿಕ್ಲಿಸ್ ಅದರ ಎಂಟು ತೋಳುಗಳನ್ನೂ ಅಳೆದು, ಮೂರನೆಯದು ಗಿಡ್ಡವೆಂದನು. ಎರಡನೆಯ ದಿನ ಊರಿನ ಅತ್ಯಂತ ಶ್ರೀಮಂತ ಕೂಸನ್ನು ತರಿಸಿದಳು. ಅದು ಅವನ ಮೂಗು ಹಿಡಿದು ನಕ್ಕಿತು.

"ಕಿವಿಗಳು ಸಮವಿಲ್ಲ," ಎಂದನು ಅವನು.

"ನಿನ್ನವು ಸಮವಾಗಿವೆಯೋ?" ಎಂದಳು ಕೂಸಿನ ಅಜ್ಜಿ. "ಕೊಡಿ ಇತ್ತ ನನ್ನ ಮೊಮ್ಮಗನನ್ನು. ಕಲ್ಲಿಗೆ ಕೂಸು ತೋರಿಸಿದ ಹಾಗಾಯಿತು."

ಮೂರನೆಯ ದಿನ ಹಬ್ಬ. ಬೆಳಕು ಹರಿಯುತ್ತಲೇ ಯೂಥಿಕ್ಲಿಸ್ ಎದ್ದು, ಮಿಂದು, ಬಿಳಿಯ ಬಟ್ಟೆ ಉಟ್ಟು ಗುಡಿಗೆ ಹೋದನು. ಕಂಬವಾಗುವುದಕ್ಕೆ ಮೊದಲು ಒಂದು ಕೆಲಸ ಬಾಕಿಯಿತ್ತು, ಕೊನೆಯ ಪರೀಕ್ಷೆ. ಇಲ್ಲಿಯವರೆಗೆ ಅವನು ಒಂದೊಂದು ಕಲ್ಲನ್ನು ಸಣ್ಣ ಹಲಗೆಯಿಂದ ನೋಡಿದ್ದನು. ಇಡೀ ನೆಲಗಟ್ಟನ್ನು ನೋಡಲು ಉದ್ದನೆಯ ಹಲಗೆಯೊಂದಿತ್ತು. ಅದನ್ನು ಹೊರಲು ಹನ್ನೆರಡು ಮಂದಿ ಬೇಕು. ಹನ್ನೆರಡು ಕಲ್ಲುಕುಟಿಗರು ಹೊತ್ತು ತಂದರು, ಕೆಮ್ಮಣ್ಣು ಬಳಿದರು, ನೆಲಗಟ್ಟಿನ ಈ ತುದಿಯಿಂದ ಆ ತುದಿಗೆ ಇಳಿಸಿದರು.

ಹಲಗೆ ಕೂರಲಿಲ್ಲ. ತೊಟ್ಟಿಲಿನಂತೆ ಅತ್ತ ಇತ್ತ ಆಡಿತು.

ಎತ್ತಿ ನೋಡಿದರೆ ಕೆಂಪು ಹತ್ತಿದ್ದು ನಡುವೆ ಮಾತ್ರ. ಎರಡು ತುದಿಗಳು ಬೆಳ್ಳಗೆ ಉಳಿದಿದ್ದವು.

"ಮಿಕಿಯೋನ್."

"ಪರೀಕ್ಷಕರೇ."

"ನೆಲಗಟ್ಟು ಉಬ್ಬಿದೆ."

"ಹೌದು. ನಾನೇ ಉಬ್ಬಿಸಿದ್ದು. ಕಲ್ಲಿಗೆ ಒಂದು ಎಳ್ಳಿನಷ್ಟು. ಅದಕ್ಕೇ ತಮ್ಮ ಸಣ್ಣ ಹಲಗೆಗೆ ಸಿಕ್ಕಲಿಲ್ಲ."

ಯೂಥಿಕ್ಲಿಸ್ ಕಂಬದ ಬಳಿ ಹೋದನು. ದಾರಕ್ಕೆ ಸೀಸದ ಗುಂಡು ಕಟ್ಟಿ ತೂಗುಬಿಟ್ಟನು. ಕಂಬ ಒಳಕ್ಕೆ ವಾಲಿತ್ತು. ಮುಂದಿನ ಕಂಬವೂ ವಾಲಿತ್ತು. ಸಣ್ಣ ಹಲಗೆಯನ್ನು ನಿಲ್ಲಿಸಿ ಹಿಡಿದನು. ಕಂಬದ ನಡು, ಉಸಿರು ತುಂಬಿಕೊಂಡ ಎದೆಯಂತೆ, ತುಸುವೇ ಉಬ್ಬಿತ್ತು.

"ನೇರವಾದದ್ದು ಯಾವುದಿದೆ ಇಲ್ಲಿ?"

"ಯಾವುದೂ ಇಲ್ಲ," ಎಂದನು ಮಿಕಿಯೋನ್, ಅದೇ ಸಣ್ಣ ದನಿಯಲ್ಲಿ. "ಉದ್ದನೆಯ ನೇರ ಗೆರೆಯನ್ನು ಕಣ್ಣು ನಡುವೆ ಜೋತುಬಿದ್ದಂತೆ ತೋರಿಸುತ್ತದೆ. ಕಣ್ಣು ಎಷ್ಟು ಇಳಿಸುತ್ತದೋ ಅಷ್ಟನ್ನು ಕಲ್ಲು ಮೊದಲೇ ಏರಿಸಿಟ್ಟಿದೆ. ತಾವು ಇಷ್ಟು ದಿನ ಒಂದು ಮೊಳ ದೂರದಿಂದ ನೋಡಿದ್ದೀರಿ. ಒಮ್ಮೆ ಆ ದಿಬ್ಬಕ್ಕೆ ಹೋಗಿ ನೋಡಿ. ಆಮೇಲೆ ಏನು ಹೇಳುತ್ತೀರೋ ಹೇಳಿ. ಕೀಳು ಎಂದರೆ ಕೀಳುತ್ತೇನೆ."

ಯೂಥಿಕ್ಲಿಸ್ ಸಿಟ್ಟಿನಿಂದ ಹೆಜ್ಜೆ ಎಣಿಸುತ್ತಾ ಹೋದನು. ನೂರ ಎಪ್ಪತ್ತು ಹೆಜ್ಜೆಗೆ ದಿಬ್ಬ. ಏರಿದನು. ತಿರುಗಿದನು.

ಬೆಳಕು ಆಗಷ್ಟೇ ಕಂಬಗಳ ನಡುವೆ ಹೊಕ್ಕಿತ್ತು.

ಅವನು ಮೊದಲು ತಪ್ಪು ಹುಡುಕಿದನು. ನೆಲಗಟ್ಟು ಸಮುದ್ರದ ಅಂಚಿನ ಮೇಲೆ ಮತ್ತೊಂದು ಅಂಚಿನಂತೆ ಸಮವಾಗಿ ಮಲಗಿತ್ತು. ಕಂಬಗಳು ಭಾರ ಹೊತ್ತಂತೆ ಕಾಣಲಿಲ್ಲ. ಮಾಡು ತಾನಾಗಿ ನಿಂತಿದೆ, ಕಂಬಗಳು ಸುಮ್ಮನೆ ಅದನ್ನು ಮುಟ್ಟಿವೆ, ಅಷ್ಟೇ ಎಂಬಂತೆ ಕಂಡವು. ಮೂಲೆಯಲ್ಲಿ ಕಂಬವಿರಲಿಲ್ಲ. ಕಣ್ಣು ಆ ಜಾಗವನ್ನೂ ತುಂಬಿಕೊಂಡಿತು. ಕೂಸಿನ ಹೆಬ್ಬೆರಳು, ಅಷ್ಟಪದಿಯ ಬಣ್ಣ, ಉಬ್ಬುವ ಹಿಟ್ಟು, ವ್ಯಾಪಾರಿಯ ಹೆಂಡತಿಯ ನಗು, ಎಲ್ಲವೂ ಅಲ್ಲಿ ಕಲ್ಲಾಗಿ ನಿಂತಿದ್ದವು. ಕಲ್ಲಾದರೂ ಉಸಿರಾಡುತ್ತಿದ್ದವು. ಅವನು ಸಣ್ಣ ಹಲಗೆಯನ್ನು ಕಣ್ಣಿಗೆ ಅಡ್ಡ ಹಿಡಿದು ನೆಲಗಟ್ಟಿನ ಗೆರೆಗೆ ಹೊಂದಿಸಿ ನೋಡಿದನು. ಅರವತ್ತು ವರ್ಷ ಊರಿಗೆಲ್ಲ ನೇರವಾಗಿದ್ದ ಹಲಗೆ. ಆ ಗೆರೆಯ ಪಕ್ಕದಲ್ಲಿ ಅದು ಜೋತುಬಿದ್ದಂತೆ ಕಂಡಿತು.

ಹಲಗೆ ಕೈಯಿಂದ ಜಾರಿತು. ಅವನು ಎತ್ತಿಕೊಳ್ಳಲಿಲ್ಲ.

ಅವನ ಬಾಯಿ ತೆರೆಯಿತು. ಮೊದಲು ಏನೂ ಬರಲಿಲ್ಲ. ಅರವತ್ತೆಂಟು ವರ್ಷ ತೆರೆಯದ ಬಾಗಿಲು ತುಸು ಕಿರುಗುಟ್ಟುತ್ತದೆ. ಆಮೇಲೆ ಅದು ಹೊರಟಿತು. ಸದ್ದಿಲ್ಲದೆ, ನಿಧಾನವಾಗಿ, ದೊಡ್ಡದಾಗುತ್ತಾ ಹೊರಟಿತು. ಎತ್ತಿನಷ್ಟಾಯಿತು. ಮನೆಯಷ್ಟಾಯಿತು. ಹಾಯಿ ಬಿಚ್ಚಿದ ಹಡಗಿನಷ್ಟಾಗಿ ದಿಬ್ಬಕ್ಕೆ ಒರಗಿ ನಿಂತಿತು. ಅದರ ನೀಲಿ ನೆರಳು ಬಂದರಿನವರೆಗೆ ಚಾಚಿತು.

ನಿಕಿಪ್ಪೆ ಓಡಿಬಂದಳು. ಊರು ಹಿಂದೆಯೇ ಬಂತು. ಮೀನಿನ ಕತ್ತಿ ಸಾಲದೆ ಮರ ಕೊಯ್ಯುವ ಗರಗಸ ತಂದು ಹತ್ತು ಪಾಲು ಮಾಡಿದರು. ಹತ್ತನೆಯ ಪಾಲನ್ನು ಬೆಟ್ಟದ ಮುಂದೆ ಉರುಳಿಸಿದರು.

ಬೆಟ್ಟ ಅದನ್ನು ಈ ತುದಿಯಿಂದ ಆ ತುದಿಗೆ ಮೂಸಿ ನೋಡಿತು.

"ಇಷ್ಟು ದೊಡ್ಡದಕ್ಕೆ ನನ್ನ ಹತ್ತಿರ ಚಿಲ್ಲರೆ ಇಲ್ಲ," ಎಂದಿತು ಕೊನೆಗೆ. "ನನ್ನ ಎದೆಯೊಳಗಿನ ಕಲ್ಲನ್ನೇ ಕೊಡುತ್ತೇನೆ."

ಬೆಟ್ಟದ ಎದೆ ತೆರೆಯಿತು. ಕಂಬ ಹೊರಬಂತು. ಕಂಬಕ್ಕೆ ಕಾಲಿಲ್ಲವೆಂದು ನೀವು ಹೇಳುವಿರಿ. ಕಂಬವೆಂದರೆ ಕಾಲೇ. ಅದು ತಾನೇ ತನ್ನ ಕಾಲಾಗಿ, ಕುಪ್ಪಳಿಸಿ ಕುಪ್ಪಳಿಸಿ, ನೆಲ ನಡುಗದಂತೆ ನಡೆದು ಬಂತು. ಮೆಟ್ಟಿಲು ಏರಿತು. ಮೂಲೆಯಲ್ಲಿ ನಿಂತು, ತುಸು ಒಳಕ್ಕೆ ವಾಲಿ, ಮಾಡನ್ನು ಮುಟ್ಟಿತು. ಮರದ ಊರೆಗಳು ತಾವಾಗಿ ಪಕ್ಕಕ್ಕೆ ಸರಿದು ಕುಳಿತವು. ಸಂತೆ ತುಂಬುವ ಹೊತ್ತಿಗೆ ಇನ್ನೂ ಒಂದು ಗಳಿಗೆ ಇತ್ತು.

ಯೂಥಿಕ್ಲಿಸ್ ಕಂಬವಾಗುವುದು ತಪ್ಪಿತು. ಆದರೆ ಪರೀಕ್ಷಕನಾಗುವುದು ತಪ್ಪಲಿಲ್ಲ. ಕರಾರಿನ ಕೊನೆಯ ಸಾಲು ಹೀಗಿತ್ತು: ಪರೀಕ್ಷಕನು ತೀರ್ಪು ಹೇಳಿದ ಮೇಲೆಯೇ ಗುಡಿ ಗುಡಿಯಾಗತಕ್ಕದ್ದು. ಅವನು ತಿರಸ್ಕರಿಸಿದರೆ ನಾನೂರ ಒಂಬತ್ತು ಕಲ್ಲುಗಳೂ ಬೆಟ್ಟಕ್ಕೆ ಹಿಂದಿರುಗತಕ್ಕದ್ದು.

ನೆಲಗಟ್ಟಿನ ನಡುವೆ ಕೆಂಪು ಹಾಗೆಯೇ ಹತ್ತಿತ್ತು. ಕೆಂಪು ಹತ್ತಿದರೆ ತಿರಸ್ಕೃತ ಎಂಬುದು ಅವನದೇ ನಿಯಮ. ಅರವತ್ತು ವರ್ಷದಲ್ಲಿ ಒಮ್ಮೆಯೂ ಸಡಿಲಿಸಿರಲಿಲ್ಲ. ರೊಟ್ಟಿಗೂ ಇಲ್ಲ, ರಾಜನಿಗೂ ಇಲ್ಲ, ತನ್ನ ಭುಜಕ್ಕೂ ಇಲ್ಲ. ಮಿಕಿಯೋನ್ ತಲೆ ತಗ್ಗಿಸಿ ನಿಂತಿದ್ದನು. ನಿಕಿಪ್ಪೆ ಮೂಲೆಯ ಕಂಬದ ಅಡಿಯಲ್ಲಿ ನಿಂತಿದ್ದಳು. ಕೂಸುಗಳು ಸಹ ಅಳಲಿಲ್ಲ.

ಈ ಕತೆಗೆ ನೀತಿ ಇಲ್ಲ. ನೀತಿ ಬೇಕಾದವರು ನಾಳೆ ಬೆಳಿಗ್ಗೆ ಬೇಗ ಎದ್ದು ಅಂಗಳ ಗುಡಿಸಿ. ಕತೆಗೆ ಇರುವುದು ಒಂದು ತೀರ್ಪು. ಅದನ್ನು ನಾನು ಹೇಳಬಾರದು, ಅವನೇ ಹೇಳಬೇಕು.

ಯೂಥಿಕ್ಲಿಸ್ ಮೆಟ್ಟಿಲೇರಿದನು. ಕೆಂಪು ಹತ್ತಿದ ಕಡೆ ಅಂಗೈಯಿಟ್ಟು ಸವರಿ ನೋಡಿದನು. ಎದ್ದು ನಿಂತು, ಊರಿನ ಕಡೆಗೆ ತಿರುಗಿ, ಎಲ್ಲರಿಗೂ ಕೇಳಿಸುವಂತೆ ಹೇಳಿದನು:

"ಉಬ್ಬಿದೆ. ಬಾಗಿದೆ. ವಾಲಿದೆ. ಅಂಗೀಕೃತ."